ಹೋಗುವ ರೆಕ್ಕೆ

ಬೆರೆಂಡ್ ತೀರಿಕೊಂಡ ಸುದ್ದಿಯನ್ನು ಫೆನ್ನಾಗೆ ಯಾರೂ ಹೇಳಲಿಲ್ಲ. ಗಿರಣಿ ಹೇಳಿತು.

ಬೆಳಿಗ್ಗೆ ಕಾಫಿ ಹಿಡಿದುಕೊಂಡು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದಳು. ಹೊಲದಾಚೆಯ ಗಾಳಿಗಿರಣಿಯ ನಾಲ್ಕು ರೆಕ್ಕೆಗಳೂ ನಿಂತಿದ್ದವು. ನಿಂತಿದ್ದರಲ್ಲಿ ವಿಶೇಷವೇನಿಲ್ಲ, ಗಿರಣಿ ನಡೆಸುವ ಬೆರೆಂಡ್ ಹಾಸಿಗೆ ಹಿಡಿದು ತಿಂಗಳುಗಳೇ ಆಗಿದ್ದವು. ಆದರೆ ನಿಂತ ಬಗೆ ಬೇರೆಯಾಗಿತ್ತು. ಕೆಳಗಿನ ರೆಕ್ಕೆ ಬುಡವನ್ನು ಆಗಷ್ಟೇ ದಾಟಿ ಬಲಕ್ಕೆ ತುಸು ವಾಲಿತ್ತು. ಲಾಂಗೆವಿರ್ಡ ಎಂಬ ಈ ಊರಲ್ಲಿ ಹುಟ್ಟಿದ ಯಾರಿಗೂ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಗು ಹುಟ್ಟಿದರೆ, ಮದುವೆಯಾದರೆ ರೆಕ್ಕೆಯನ್ನು ಬುಡ ಮುಟ್ಟುವ ಮೊದಲೇ ತಡೆದು ನಿಲ್ಲಿಸುತ್ತಾರೆ. ಅದು ಬರುವ ರೆಕ್ಕೆ. ಸಾವಾದರೆ ಬುಡ ದಾಟಿಸಿ ನಿಲ್ಲಿಸುತ್ತಾರೆ. ಅದು ಹೋಗುವ ರೆಕ್ಕೆ.

ಫೆನ್ನಾ ಕೋಟು ಹಾಕಿಕೊಂಡಳು. ಬಾಗಿಲವರೆಗೆ ಹೋಗಿ, ಕೋಟು ಬಿಚ್ಚಿ ಮತ್ತೆ ಗೂಟಕ್ಕೆ ಸಿಕ್ಕಿಸಿದಳು. ಹತ್ತು ವರ್ಷ ಮೆಟ್ಟಿಲು ತುಳಿಯದ ಮನೆಗೆ, ಯಜಮಾನ ಸತ್ತ ಬೆಳಿಗ್ಗೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಹಾಗಂತ ಕಚೇರಿಗೂ ಹೋಗಲಿಲ್ಲ. ಕುರ್ಚಿಯಲ್ಲಿ ಕೂತು ಆ ರೆಕ್ಕೆಯನ್ನೇ ನೋಡುತ್ತಿದ್ದಳು. ಕಾಫಿ ಆರಿ ತಣ್ಣಗಾಯಿತು.

ಗಿರಣಿಯ ಹಿಂದೆ, ಸಮುದ್ರದ ಒಡ್ಡಿನ ಉದ್ದಕ್ಕೂ, ಏಳು ಗಾಳಿಯಂತ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತಿದ್ದವು. ಮೂರು ಮೂರು ಬಿಳಿ ರೆಕ್ಕೆಗಳ, ಚರ್ಚಿನ ಗೋಪುರವನ್ನು ಕುಳ್ಳಗೆ ಮಾಡಿಬಿಟ್ಟ ಆ ಏಳನ್ನೂ ಅಲ್ಲಿ ನಿಲ್ಲಿಸಿದವಳು ಫೆನ್ನಾ. ಕೈಯಿಂದಲ್ಲ, ಕಾಗದದಿಂದ. ಪ್ರಾಂತ್ಯದ ಕಚೇರಿಯಲ್ಲಿ ಇಂಧನ ಮತ್ತು ಪರಿಸರ ನೀತಿಯ ಕೆಲಸಕ್ಕೆ ಸೇರಿದಾಗ ಅವಳಿಗೆ ತಲೆತುಂಬ ಕಂದು ಕೂದಲಿತ್ತು. ಈಗ ನಿವೃತ್ತಿ ಬಾಗಿಲಲ್ಲಿ ನಿಂತಿದೆ. ಯಂತ್ರ ಮನೆಯಿಂದ ಎಷ್ಟು ದೂರವಿರಬೇಕು, ಸದ್ದು ಎಷ್ಟಿರಬಹುದು, ರೆಕ್ಕೆಯ ನೆರಳು ಯಾರ ಕಿಟಕಿಯ ಮೇಲೆ ಎಷ್ಟು ಹೊತ್ತು ಬೀಳಬಹುದು, ಬಾತುಕೋಳಿಗಳು ಯಾವ ದಾರಿಯಲ್ಲಿ ಹಾರುತ್ತವೆ, ಎಲ್ಲ ಅವಳಿಗೆ ಬಾಯಿಪಾಠ. ಆ ಯಂತ್ರಗಳು ಬೇಕಿದ್ದವು ಎಂಬುದರಲ್ಲಿ ಅವಳಿಗೆ ಇವತ್ತಿಗೂ ಸಂಶಯವಿಲ್ಲ. ಒಡ್ಡಿನ ಆಚೆ ಸಮುದ್ರ ಏರುತ್ತಿದೆ, ಈಚೆ ಊರು ಸಮುದ್ರಕ್ಕಿಂತ ತಗ್ಗಿನಲ್ಲಿದೆ. ಇದನ್ನು ತಿಳಿಯಲು ಕಚೇರಿಯಲ್ಲಿ ಕೂರಬೇಕಾಗಿಲ್ಲ.

ಊರಿನವರು ಅವಳ ಮೇಲೆ ಕಲ್ಲೇನೂ ಎಸೆಯಲಿಲ್ಲ. ಇಲ್ಲಿನ ಜನಕ್ಕೆ ಅಷ್ಟು ಆವೇಶವಿಲ್ಲ. ಕಾರಿನಲ್ಲಿ ಎದುರಾದಾಗ ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತುವುದು ಇಲ್ಲಿಯ ನಮಸ್ಕಾರ. ಆ ಬೆರಳನ್ನು ಎತ್ತುವುದು ಬಿಟ್ಟರು, ಅಷ್ಟೇ. ಬೇಕರಿಯ ವುಬ್ಬೊ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾನೆ, ಚಿಲ್ಲರೆ ಕೊಡುತ್ತಾನೆ, ಹವಾಮಾನದ ಮಾತನ್ನು ಮುಂದಿನ ಗಿರಾಕಿಗೆ ಉಳಿಸಿಕೊಳ್ಳುತ್ತಾನೆ. ಫೆನ್ನಾಳ ಹುಟ್ಟುಹಬ್ಬ ಎಲ್ಲರಿಗೂ ಗೊತ್ತು. ಇಲ್ಲಿ ಹುಟ್ಟುಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ನೆನಪಿದ್ದವರು ಬರುತ್ತಾರೆ. ಅವಳು ಪ್ರತಿವರ್ಷ ಕುರ್ಚಿಗಳನ್ನು ದುಂಡಗೆ ಜೋಡಿಸಿ, ಕೇಕು ಕತ್ತರಿಸಿಟ್ಟು, ಸಂಜೆಯಾದ ಮೇಲೆ ಕುರ್ಚಿಗಳನ್ನು ಗೋಡೆಗೆ ಸರಿಸುತ್ತಿದ್ದಳು. ಹೋದ ವರ್ಷ ಜೋಡಿಸುವುದನ್ನೂ ಬಿಟ್ಟಳು. ಕೇಕಿನ ಆಸೆ ಮಾತ್ರ ಬಿಡದೆ ಒಂದು ಸಣ್ಣದನ್ನು ತಂದು ನಿಂತುಕೊಂಡೇ ತಿಂದಳು.

ಇದೆಲ್ಲವನ್ನೂ ಅವಳು ತಡೆದುಕೊಂಡಳು. ತಡೆದುಕೊಳ್ಳಲಾಗದ್ದು ಬೆರೆಂಡನ ಮೌನ.

ಬೆರೆಂಡ್ ಅವಳಿಗೆ ಅಣ್ಣನಲ್ಲ, ಪ್ರಿಯಕರನೂ ಅಲ್ಲ, ಗೆಳೆಯ. ಗಾಳಿ ಎಂದರೆ ಏನೆಂದು ಅವಳಿಗೆ ಕಲಿಸಿದವನೇ ಅವನು. ಇಪ್ಪತ್ತರ ಹರೆಯದಲ್ಲಿ ಇಬ್ಬರೂ ಅಣುಸ್ಥಾವರ ಬೇಡ ಎಂದು ಕೂಗಲು ಸೈಕಲ್ ತುಳಿದುಕೊಂಡು ಹೋದವರು. ಆಮೇಲೆ ಅವನು ಹಳೆಯ ಗಾಳಿಯನ್ನು ಹಿಡಿದ, ಇವಳು ಹೊಸ ಗಾಳಿಯನ್ನು. ಶನಿವಾರ ಬಂತೆಂದರೆ ಗಿರಣಿಯ ಅಟ್ಟಣೆಯ ಮೇಲೆ ಅವನ ಜೊತೆ ನಿಂತು ರೆಕ್ಕೆಗೆ ಗಾಳಿ ಹಿಡಿಯುವ ಬಟ್ಟೆ ಬಿಗಿಯುತ್ತಿದ್ದಳು. ಕೆಲಸ ಮುಗಿದ ಮೇಲೆ ಅವನು ಹುಬ್ಬಿನ ತುಂಬ ಹಿಟ್ಟು ಮೆತ್ತಿಕೊಂಡು ಅವಳ ಅಡುಗೆಮನೆಗೆ ಬಂದು, ಗಂಟೆ ಒತ್ತಿ, ಬಾಗಿಲು ತೆಗೆಯುವ ಮೊದಲೇ ಒಳಗೆ ಬಂದು ಕೂರುತ್ತಿದ್ದ.

"ನಿನ್ನ ಕಚೇರೀಲಿ ಗಾಳಿ ಬರತ್ತಾ ಫೆನ್ನಾ, ಇಲ್ಲಾ ಅದಕ್ಕೂ ಅರ್ಜಿ ಹಾಕ್ಬೇಕಾ?" ಎನ್ನುತ್ತಿದ್ದ.

"ಹಾಕಿದೀವಿ. ಪರಿಶೀಲನೇಲಿದೆ," ಎನ್ನುತ್ತಿದ್ದಳು ಇವಳು. ಇಬ್ಬರೂ ನಗುತ್ತಿದ್ದರು. ಅವನ ಹೆಂಡತಿ ಗೇಸ್ಕೆ ಒಮ್ಮೊಮ್ಮೆ ಬಂದು ಗಂಡನ ಕಿವಿ ಹಿಡಿದೇ ಎಳೆದುಕೊಂಡು ಹೋಗುತ್ತಿದ್ದಳು.

ಗಾಳಿಯಂತ್ರಗಳ ಯೋಜನೆ ಬಂದಾಗ ಸಮುದಾಯ ಭವನದಲ್ಲಿ ಊರಿನ ಸಭೆ ಕರೆದರು. ಮುಂದೆ ನಕಾಶೆಗಳ ಪಕ್ಕದಲ್ಲಿ ಕೂತವಳು ಫೆನ್ನಾ. ಸದ್ದು, ನೆರಳು, ಹಕ್ಕಿ, ಮನೆಯ ಬೆಲೆ ಎಂದು ಜನ ಒಬ್ಬರಾದ ಮೇಲೆ ಒಬ್ಬರು ಎದ್ದು ಕೂಗಾಡಿದರು. ಎಲ್ಲರದ್ದೂ ಮುಗಿದ ಮೇಲೆ ಬೆರೆಂಡ್ ಎದ್ದ. ಟೋಪಿ ಕೈಯಲ್ಲಿತ್ತು. ಗಿರಣಿಗೆ ಬರುವ ಗಾಳಿಗೆ ಅಡ್ಡ ಬರದಂತೆ ಎರಡು ಯಂತ್ರಗಳನ್ನು ಸರಿಸಬೇಕು ಎಂದು ಶಾಂತವಾಗಿ ಕೇಳಿದ. ಆಮೇಲೆ ನೇರವಾಗಿ ಅವಳನ್ನು ನೋಡಿದ.

"ಇನ್ನೊಂದು ಪ್ರಶ್ನೆ. ನಮ್ಮ ಗಿರಣಿ ನಮ್ಮ ತಾತನ ತಾತನ ಕಾಲದಿಂದ ಒಂದು ಕಡೆಗೆ ತಿರುಗ್ತಾ ಇದೆ. ನಿಮ್ಮ ಫ್ಯಾನುಗಳು ಯಾಕೆ ಉಲ್ಟಾ ತಿರುಗ್ತವೆ?"

ಸಭೆ ಗೊಳ್ಳೆಂದು ನಕ್ಕಿತು. ಫೆನ್ನಾ ನಗಲಿಲ್ಲ. ಪಕ್ಕದಲ್ಲಿ ಕಚೇರಿಯ ವಕೀಲ ಕೂತಿದ್ದ, ಹಿಂದೆ ಪತ್ರಿಕೆಯವನು ಬರೆದುಕೊಳ್ಳುತ್ತಿದ್ದ. "ಲಿಖಿತವಾಗಿ ಕೊಡಿ, ಲಿಖಿತವಾಗೇ ಉತ್ತರಿಸ್ತೀವಿ," ಎಂದಳು. ಬೆರೆಂಡನಿಗೆ ಅವಳು ಬಹುವಚನ ಬಳಸಿದ್ದು ಅದೇ ಮೊದಲು.

ಅವನು ಲಿಖಿತವಾಗಿಯೇ ಕೊಟ್ಟ. ಉತ್ತರ ಬರೆದವಳು ಅವಳೇ. ನಕಾಶೆಯಲ್ಲಿ ಎರಡು ಯಂತ್ರಗಳನ್ನು ಸರಿಸಲಾಗಿದೆ ಎಂಬುದು ಮೊದಲ ಸಾಲು. ಅದಕ್ಕಾಗಿ ಅವಳು ಕಚೇರಿಯಲ್ಲಿ ಜಗಳವಾಡಿದ್ದಳು. ಎರಡನೆಯ ಸಾಲು ಹೀಗಿತ್ತು: 'ರೆಕ್ಕೆಗಳು ತಿರುಗುವ ದಿಕ್ಕು ಈ ಯೋಜನೆಯ ಮಟ್ಟಿಗೆ ಪ್ರಸ್ತುತವಲ್ಲ.'

ಆಮೇಲಿನ ಶನಿವಾರ ಅವನು ಗಂಟೆ ಒತ್ತಲಿಲ್ಲ. ಅವಳೂ ಹೋಗಲಿಲ್ಲ. ಅರ್ಜಿ ಇತ್ಯರ್ಥವಾಗುವವರೆಗೆ ಆಕ್ಷೇಪ ಸಲ್ಲಿಸಿದವರ ಮನೆಯಲ್ಲಿ ಅಧಿಕಾರಿ ಕಾಫಿ ಕುಡಿಯಬಾರದು, ಪಕ್ಷಪಾತ ಎಂದು ಯಾರೂ ಬೊಟ್ಟು ಮಾಡುವಂತಾಗಬಾರದು. ನಿಯಮ ಎಲ್ಲಿಯೂ ಬರೆದಿರಲಿಲ್ಲ. ತನಗೆ ತಾನೇ ಹಾಕಿಕೊಂಡದ್ದು, ಆದ್ದರಿಂದ ಇನ್ನೂ ಬಿಗಿ. ಮೇಲ್ಮನವಿ, ಮರುಪರಿಶೀಲನೆ ಎಂದು ನಾಲ್ಕು ವರ್ಷ ಎಳೆಯಿತು. ಎಲ್ಲ ಮುಗಿದಾಗ ಕಾಫಿ ಕುಡಿಯಲು ಅಡ್ಡಿಯಿರಲಿಲ್ಲ. ಆದರೆ ನಾಲ್ಕು ವರ್ಷ ನಡೆಯದ ದಾರಿಯಲ್ಲಿ ಹುಲ್ಲು ಬೆಳೆದಿರುತ್ತದೆ, ಮೊದಲು ಹೆಜ್ಜೆ ಇಡುವವರು ಯಾರು ಎಂಬ ಬಿಗುಮಾನ ಬೇರೆ. ಅವನು ಇಡಲಿ ಎಂದು ಇವಳು, ಇವಳು ಇಡಲಿ ಎಂದು ಅವನು. ಕಾಯುತ್ತ ಕಾಯುತ್ತ ಒಬ್ಬ ಹೋಗಿಯೇಬಿಟ್ಟ.

ಆ ದಿನ ಮಧ್ಯಾಹ್ನದ ಹೊತ್ತಿಗೆ ಫೆನ್ನಾಗೆ ಒಂದು ಯೋಚನೆ ಹೊಳೆಯಿತು. ಬೆರೆಂಡನಿಗೆ ಕ್ಷಮಿಸು ಎಂದು ಹೇಳಲು ಇನ್ನೂ ಒಂದು ದಾರಿಯಿತ್ತು. ಅವನಿಗೆ ಅರ್ಥವಾಗುವ ಭಾಷೆಯಲ್ಲಿ, ಊರೆಲ್ಲ ಓದಬಲ್ಲ ಭಾಷೆಯಲ್ಲಿ. ಅವನನ್ನು ಮಣ್ಣು ಮಾಡುವ ಹೊತ್ತಿಗೆ ಏಳು ಯಂತ್ರಗಳೂ ಹೋಗುವ ರೆಕ್ಕೆಯಲ್ಲಿ ನಿಲ್ಲಬೇಕು.

ಗಾಳಿ ಕಂಪನಿಯ ನಿರ್ದೇಶಕರ ಬಳಿ ಅವಳು ವೃತ್ತಿಯಲ್ಲಿ ಒಮ್ಮೆಯೂ ಒಂದು ಉಪಕಾರ ಕೇಳಿದವಳಲ್ಲ. ಈಗ ಫೋನು ಮಾಡಿ ಕೇಳಿದಳು. ಆತ, "ಒಂದು ಗಂಟೆ. ಒಂದೇ ಸಲ. ಆಮೇಲೆ ತಾವಾಗೇ ಶುರುವಾಗ್ತವೆ," ಎಂದ.

ಮಾರನೆಯ ದಿನ ಅವಳು ಯಂತ್ರಗಳ ಬುಡಕ್ಕೆ ಹೋದಳು. ತಂತ್ರಜ್ಞ ಸಾಂಡರ್ ವ್ಯಾನಿನ ಬಾಗಿಲಲ್ಲಿ ಕೂತು ಚೀಸ್ ಬ್ರೆಡ್ ತಿನ್ನುತ್ತಿದ್ದ. ನಲವತ್ತರ ಆಸುಪಾಸಿನ, ಮಾತಿಗೊಮ್ಮೆ ಭುಜ ಕುಣಿಸುವ ಗಂಡಸು.

"ನಿಲ್ಸೋದು ಕಷ್ಟ ಅಲ್ಲ ಮೇಡಂ. ಯಾವ ಬ್ಲೇಡು ಎಲ್ಲಿ ನಿಲ್ಬೇಕು ಅನ್ನೋದನ್ನ ಮಾತ್ರ ಸರಿಯಾಗಿ ಹೇಳ್ಬಿಡಿ. ಗಿರಣಿ ಭಾಷೆ ನಂಗೆ ಬರಲ್ಲ. ನಾನು ಹುಟ್ಟಿದ್ದು ರಾಟರ್‌ಡ್ಯಾಮಿನ ಹನ್ನೊಂದನೇ ಮಹಡೀಲಿ. ಗಿರಣಿ ನೋಡಿರೋದು ಬಿಸ್ಕತ್ತಿನ ಡಬ್ಬದ ಮೇಲೆ."

ಫೆನ್ನಾ ಅವನ ಬ್ರೆಡ್ಡಿನ ಕಾಗದದ ಚೀಲವನ್ನೇ ತೊಡೆಯ ಮೇಲೆ ಸಾಪು ಮಾಡಿಕೊಂಡು ಬರೆದಳು. ಕಂಬ. ಮೂರು ರೆಕ್ಕೆ. ಕೆಳಗಿನದು ಕಂಬದಿಂದ ಚೂರು ಬಲಕ್ಕೆ.

"ಎದುರಿಂದ ನೋಡಿದ್ರೆ ಹೀಗೆ ಕಾಣ್ಬೇಕು."

"ಏಳೂ ಹೀಗೇನಾ?"

"ಏಳೂ."

"ಪಕ್ಕಾನಾ ಮೇಡಂ? ಆಮೇಲೆ ನನ್ನ ತಲೆಗೆ ಕಟ್ಬೇಡಿ."

"ಈ ಊರಲ್ಲೇ ಹುಟ್ಟಿದವಳಪ್ಪಾ ನಾನು. ಕಣ್ಣು ಮುಚ್ಕೊಂಡು ಬರೀತೀನಿ," ಎಂದಳು ಫೆನ್ನಾ. ನಿಜವಾಗಿ ಹಾಗೆಯೇ ಬರೆದಿದ್ದಳು.

ಗೇಸ್ಕೆಗೆ ಹೇಳಬೇಕೆ ಎಂದು ಒಮ್ಮೆ ಅನ್ನಿಸಿತು. ಹೇಳಿದರೆ ಬೇಡ ಎಂದರೆ? ವುಬ್ಬೊನನ್ನು ಕೇಳಬಹುದಿತ್ತು, ಬೆರೆಂಡನ ಶಿಷ್ಯ ಅವನು, ಗಿರಣಿಯ ರೆಕ್ಕೆಯನ್ನು ಶೋಕಕ್ಕೆ ನಿಲ್ಲಿಸಿದವನೂ ಅವನೇ. ಅವನ ಮುಖ ನೆನೆದರೆ ಬಾಯಿ ಕಟ್ಟುತ್ತಿತ್ತು. ಜೀವಮಾನವೆಲ್ಲ ಜನರ ಅಭಿಪ್ರಾಯ ಕೇಳುವ ಸಭೆಗಳನ್ನು ನಡೆಸಿದ ಮಹಾತಾಯಿ ಈ ಒಂದನ್ನು ಯಾರನ್ನೂ ಕೇಳದೆ ಮಾಡಿದಳು. ಆ ಎರಡು ರಾತ್ರಿ ಮಾತ್ರ, ಎಷ್ಟೋ ವರ್ಷಗಳ ಮೇಲೆ, ಕಣ್ತುಂಬ ನಿದ್ದೆ ಮಾಡಿದಳು.

ಶವಸಂಸ್ಕಾರದ ದಿನ ಆಕಾಶ ಶುಭ್ರವಾಗಿತ್ತು. ಗಾಳಿ ಊರ ಕಡೆಯಿಂದ ಒಡ್ಡಿನ ಕಡೆಗೆ ಬೀಸುತ್ತಿತ್ತು, ಹಾಗಾಗಿ ಏಳೂ ಯಂತ್ರಗಳು ಊರಿಗೆ ಮುಖ ಮಾಡಿದ್ದವು. ಚರ್ಚಿನಲ್ಲಿ ಫೆನ್ನಾ ಕೊನೆಯ ಸಾಲಿನಲ್ಲಿ ಕೂತಳು. ಆ ಸಾಲಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಪಾದ್ರಿ ಏನು ಹೇಳಿದರೋ ಅವಳ ಕಿವಿಗೆ ಬೀಳಲಿಲ್ಲ, ಬಾಗಿಲು ಯಾವಾಗ ತೆರೆಯುತ್ತದೆ ಎಂದೇ ಕಾಯುತ್ತಿದ್ದಳು.

ಬಾಗಿಲು ತೆರೆಯಿತು. ಅದರ ಪಕ್ಕದಲ್ಲೇ ಇದ್ದ ಫೆನ್ನಾ ಮೊದಲು ಹೊರಬಂದು ದಾರಿಯ ಬದಿಯಲ್ಲಿ ನಿಂತಳು. ಗಂಟೆ ಬಾರಿಸತೊಡಗಿತು. ಆರು ಜನ ಶವಪೆಟ್ಟಿಗೆ ಹೊತ್ತು ಹೊರಬಂದರು, ಮುಂದಿನ ಬಲಗಡೆಯ ಹೆಗಲು ವುಬ್ಬೊನದು. ಹಿಂದೆ ಗೇಸ್ಕೆ, ಅವಳ ಹಿಂದೆ ಊರು. ಆಗಲೇ ಒಡ್ಡಿನ ಮೇಲೆ ಯಂತ್ರಗಳು ನಿಧಾನವಾಗತೊಡಗಿದವು.

ಮೊದಲು ನೋಡಿದ್ದು ಯಾವುದೋ ಹೆಂಗಸು. ಅವಳು ಪಕ್ಕದವಳ ಮೊಣಕೈ ಮುಟ್ಟಿದಳು. ಒಬ್ಬೊಬ್ಬರಾಗಿ ಎಲ್ಲರ ತಲೆಯೂ ಆ ಕಡೆ ತಿರುಗಿತು. ಇಷ್ಟು ವರ್ಷದಲ್ಲಿ ಅವು ಒಟ್ಟಿಗೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ. "ನಿಲ್ಸ್ತಾ ಇದಾರೆ... ಬೆರೆಂಡನಿಗೋಸ್ಕರ ನಿಲ್ಸ್ತಾ ಇದಾರೆ," ಎಂದಿತು ಒಂದು ದನಿ. ಮೆರವಣಿಗೆ ನಿಂತಿತು. ಹೊತ್ತವರೂ ನಿಂತರು. ಒಂದೊಂದು ಯಂತ್ರದಲ್ಲೂ ಕೊನೆಯ ರೆಕ್ಕೆ ಮೇಲಿನಿಂದ ಮೆಲ್ಲಗೆ ಇಳಿಯಿತು, ಇನ್ನಷ್ಟು ಇಳಿಯಿತು, ಕಂಬದ ಹತ್ತಿರಕ್ಕೆ ಬಂತು. ಬಂದು, ಕಂಬವನ್ನು ಮುಟ್ಟುವ ಮೊದಲೇ ನಿಂತುಬಿಟ್ಟಿತು.

ಏಳಕ್ಕೆ ಏಳೂ. ಬರುವ ರೆಕ್ಕೆ.

ಗಿರಣಿಯ ರೆಕ್ಕೆ ಎದುರಿನಿಂದ ನೋಡಿದರೆ ಎಡದಿಂದ ಬಲಕ್ಕೆ ಬುಡ ದಾಟುತ್ತದೆ. ಈ ಯಂತ್ರಗಳದ್ದು ಬಲದಿಂದ ಎಡಕ್ಕೆ. ಫೆನ್ನಾ ಬರೆದುಕೊಟ್ಟದ್ದು ಗಿರಣಿಯ ಚಿತ್ರ. ಗಿರಣಿಗೆ ಶೋಕವಾದದ್ದು ಯಂತ್ರಕ್ಕೆ ಸಂಭ್ರಮ. ಇಷ್ಟು ವರ್ಷ ಗಾಳಿಯ ಅನ್ನ ಉಂಡವಳಿಗೆ ಅದು ಹೊಳೆದಿರಲಿಲ್ಲ. ಈಗ ಹೊಳೆಯಿತು.

ಯಾರೂ ಕೂಗಲಿಲ್ಲ. ಹೆಗಲ ಮೇಲಿನ ಭಾರ ಇಳಿಸದೆಯೇ ವುಬ್ಬೊ ತಲೆ ಹೊರಳಿಸಿದ. ಹತ್ತು ವರ್ಷದ ಮೇಲೆ ಅವಳೊಂದಿಗೆ ಅವನು ಆಡಿದ ಮೊದಲ ಮಾತು ಇದು:

"ಹಬ್ಬ ಮಾಡ್ತಿದೀಯಾ ಫೆನ್ನಾ? ಬೆರೆಂಡ್ ಸತ್ತ ಅಂತ ಹಬ್ಬಾನಾ?"

"ಇಲ್ಲ, ವುಬ್ಬೊ, ನಾನು... ನಾನು ಶೋಕಕ್ಕೆ ಅಂತಾನೇ..."

"ನಡೀರಪ್ಪಾ," ಎಂದಳು ಗೇಸ್ಕೆ, ಹಿಂದಿನಿಂದ. ಅವಳು ಯಂತ್ರಗಳ ಕಡೆ ಒಮ್ಮೆ ನೋಡಿದ್ದಳು, ಫೆನ್ನಾಳ ಕಡೆ ಒಮ್ಮೆ. ಆ ನೋಟದಲ್ಲಿ ಸಿಟ್ಟಿತ್ತೋ ಮತ್ತೇನೋ, ಫೆನ್ನಾಗೆ ತಿಳಿಯಲಿಲ್ಲ. ಮೆರವಣಿಗೆ ಮುಂದೆ ನಡೆಯಿತು.

ಅವಳು ಗೋಡೆಯ ಮರೆಗೆ ಓಡಿ ಸಾಂಡರನಿಗೆ ಫೋನು ಮಾಡಿದಳು.

"ಉಲ್ಟಾ ಆಗಿದೆ! ಎಡಕ್ಕೆ ತಿರುಗ್ಸು, ಈಗಲೇ, ದಮ್ಮಯ್ಯ!"

"ನೀವು ಬರೆದ ಹಾಗೇ ನಿಲ್ಸಿದೀನಲ್ಲ ಮೇಡಂ."

"ಬರೆದಿದ್ದೇ ತಪ್ಪು. ನಂದೇ ತಪ್ಪು."

"ಈಗ ನನ್ನ ಕೈಲಿಲ್ಲ ಮೇಡಂ. ಬ್ರೇಕ್ ಬಿಟ್ರೆ ಸೀದಾ ತಿರುಗೋಕೆ ಶುರು ಮಾಡ್ತವೆ. ಮತ್ತೆ ನಿಲ್ಸೋಕೆ ಮೇಲಿಂದ ಅಪ್ಪಣೆ ಇಲ್ಲ. ಒಂದೇ ಸಲ ಅಂದಿದಾರೆ."

ಅದು ಅವಳಿಗೂ ಗೊತ್ತಿತ್ತು. ಬೆರೆಂಡನನ್ನು ಗುಂಡಿಗೆ ಇಳಿಸಿ, ಮೂರು ಹಿಡಿ ಮಣ್ಣು ಹಾಕಿ, ಪ್ರಾರ್ಥನೆ ಮುಗಿಯುವವರೆಗೂ ಏಳು ಯಂತ್ರಗಳು ಸಂಭ್ರಮದಲ್ಲಿ ನಿಂತಿದ್ದವು. ಫೆನ್ನಾ ನೆಲ ನೋಡುತ್ತ ನಿಂತಿದ್ದಳು. ಅಲ್ಲಿಂದ ಹೊರಟುಹೋಗುವ ಧೈರ್ಯವೂ ಅವಳಿಗಿರಲಿಲ್ಲ.

ಆಮೇಲೆ ಸಮುದಾಯ ಭವನದಲ್ಲಿ ಕಾಫಿ, ಜೊತೆಗೆ ಒಂದೊಂದು ತುಂಡು ಕೇಕು. ಹತ್ತು ವರ್ಷದ ಹಿಂದೆ ಅವಳು ನಕಾಶೆ ಹರಡಿಕೊಂಡು ಕೂತಿದ್ದ ಅದೇ ಭವನ. ಅವಳು ಬಾಗಿಲ ಪಕ್ಕದ ಮೇಜಿನಲ್ಲಿ ಒಬ್ಬಳೇ ಕೂತಳು. ಜನ ತಟ್ಟೆ ಹಿಡಿದು ಬಂದು, ಅವಳನ್ನು ಕಂಡು, ಬೇರೆ ಮೇಜಿಗೆ ಹೋಗುತ್ತಿದ್ದರು. ಅತ್ತರೆ ಚೆನ್ನಾಗಿರುತ್ತಿತ್ತು ಅನ್ನಿಸಿತು, ಅಳು ಬರಲಿಲ್ಲ. ಎದ್ದು ಹೋಗೋಣವೆಂದು ಕೋಟಿಗೆ ಕೈ ಹಾಕಿದಾಗ ಎದುರಿನ ಕುರ್ಚಿಯನ್ನು ಯಾರೋ ಎಳೆದರು. ಗೇಸ್ಕೆ.

"ಅದು ನಾನು ಬೇಕಂತ..." ಎಂದಳು ಫೆನ್ನಾ.

"ಗೊತ್ತು ಕಣೇ. ಬೇಕಂತ ಮಾಡೋವಷ್ಟು ಕೆಟ್ಟವಳಲ್ಲ ನೀನು. ಗಿರಣಿ ನೋಡ್ಕೊಂಡು ಬರೆದುಕೊಟ್ಟಿರ್ತೀಯ."

ಫೆನ್ನಾ ಹೌದೆಂದು ತಲೆಯಾಡಿಸಿದಳು.

"ಅವನು ಅವತ್ತೇ ಕೇಳಿದ್ನಲ್ಲ, ಯಾಕೆ ಉಲ್ಟಾ ತಿರುಗ್ತವೆ ಅಂತ." ಗೇಸ್ಕೆ ಕಾಫಿಗೆ ಸಕ್ಕರೆ ಹಾಕಿ ಕಲಕಿದಳು. "ನೀನು ಬರೆದ ಉತ್ತರ ಅವನಿಗೆ ಬಾಯಿಪಾಠ ಆಗ್ಹೋಗಿತ್ತು. ಸೂಪಿಗೆ ಸೌಟನ್ನ ನಾನು ಈ ಕಡೆಯಿಂದ ತಿರುಗಿಸ್ಲಿ, ಆ ಕಡೆಯಿಂದ ತಿರುಗಿಸ್ಲಿ, 'ತಿರುಗುವ ದಿಕ್ಕು ಪ್ರಸ್ತುತವಲ್ಲ ಗೇಸ್ಕೆ' ಅನ್ನೋನು. ಕಾರು ತಪ್ಪು ದಾರಿಗೆ ಹೋದ್ರೂ ಅದೇ, ಅಂಗಿ ತಿರುಗಾಮುರುಗಾ ಹಾಕ್ಕೊಂಡ್ರೂ ಅದೇ. ಬಿದ್ದು ಬಿದ್ದು ನಗೋನು. 'ಶನಿವಾರ ಫೆನ್ನಾ ಬರ್ಲಿ, ಇದನ್ನ ಹೇಳಿ ಅವಳ ಜೀವ ತಿಂತೀನಿ' ಅಂತ ಕಾಯ್ತಿದ್ದ."

"ಅವನಿಗೆ ಸಿಟ್ಟು ಬಂದಿರ್ಲಿಲ್ವಾ?"

"ಎರಡು ಯಂತ್ರ ಸರಿಸಿಕೊಟ್ಟಿದೀಯ, ಸಿಟ್ಟು ಯಾಕೆ ಬರತ್ತೆ?" ಗೇಸ್ಕೆಯ ಚಮಚ ನಿಂತಿತು. "ಅದು ತಮಾಷೆ ಕಣೇ ಫೆನ್ನಾ. ಊರೆಲ್ಲ ನಿನ್ನ ಮೇಲೆ ಕೂಗಾಡ್ತಿತ್ತು, ನಿನ್ನ ಮುಖ ಹೆಪ್ಪುಗಟ್ಟಿತ್ತು. ಒಂದು ಸಲ ನಗಿಸೋಣ ಅಂತ ಕೇಳಿದ. ನಿನ್ನನ್ನ ಕೇಳಿದ್ದು ಅವನು. ಉತ್ತರ ಕಚೇರಿಯಿಂದ ಬಂತು."

"ಆಮೇಲೆ?" ಎಂದಳು ಫೆನ್ನಾ.

"ಆಮೇಲೇನು? ಒಂದೆರಡು ವರ್ಷ ಆ ಮಾತು ಹೇಳಿ ನಗ್ತಿದ್ದ. ಆಮೇಲೆ ನಗದೆ ಹೇಳ್ತಿದ್ದ. ಆಮೇಲೆ ಹೇಳೋದೇ ಬಿಟ್ಟ." ಗೇಸ್ಕೆ ಎದ್ದಳು. ಬೇರೆ ಮೇಜುಗಳವರು ಅವಳಿಗಾಗಿ ಕಾಯುತ್ತಿದ್ದರು. "ಮೊಯ್, ಫೆನ್ನಾ."

ಈ ಸೀಮೆಯಲ್ಲಿ ಬಂದಾಗಲೂ ಮೊಯ್, ಹೋಗುವಾಗಲೂ ಮೊಯ್. ಇದು ಬಾ ಎಂದದ್ದೋ ಹೋಗು ಎಂದದ್ದೋ ಫೆನ್ನಾ ಅವಳ ಬೆನ್ನು ನೋಡುತ್ತ ಊಹಿಸಲು ಪ್ರಯತ್ನಿಸಿದಳು. ಗೇಸ್ಕೆ ಹಿಂತಿರುಗಿ ನೋಡಲಿಲ್ಲ.

ಹೊರಗೆ ಬಂದಾಗ ಕಂಪನಿ ಕೊಟ್ಟ ಒಂದು ಗಂಟೆ ಮುಗಿದಿತ್ತು. ಒಡ್ಡಿನ ಮೇಲೆ ಮೊದಲನೆಯ ಯಂತ್ರದ ರೆಕ್ಕೆ ಅಲುಗಿತು, ಕಂಬವನ್ನು ದಾಟಿತು, ಎಡಕ್ಕೆ ಏರಿತು. ಆಮೇಲೆ ಎರಡನೆಯದು, ಮೂರನೆಯದು. ಸಾವಿರಕ್ಕೂ ಹೆಚ್ಚು ಬೆಳಿಗ್ಗೆ ಅವಳು ಅವನ್ನು ಕಿಟಕಿಯಿಂದ ನೋಡಿದ್ದಳು. ತಿರುಗುತ್ತಿವೆಯೇ ಇಲ್ಲವೇ ಎಂದು ನೋಡಿದ್ದಳೇ ಹೊರತು ಯಾವ ಕಡೆಗೆ ಎಂದು ನೋಡಿರಲಿಲ್ಲ. ಈಗ ಏಳೂ ಪೂರ್ತಿ ವೇಗ ಹಿಡಿಯುವವರೆಗೆ ರಸ್ತೆಯ ನಡುವೆ ನಿಂತು ನೋಡಿದಳು. ಹಿಂದೆ ಬಂದ ಕಾರೊಂದು ಹಾರ್ನ್ ಮಾಡದೆ ಕಾದು, ಪಕ್ಕದಿಂದ ಹೋಯಿತು. ಒಳಗಿದ್ದವನ ಬೆರಳು ಎದ್ದಿತೋ ಇಲ್ಲವೋ ಅವಳು ಗಮನಿಸಲಿಲ್ಲ.

ಮನೆಯ ದಾರಿ ಬಿಟ್ಟು ಗಿರಣಿಯ ದಾರಿ ಹಿಡಿದಳು. ಹುಲ್ಲೇನೂ ಬೆಳೆದಿರಲಿಲ್ಲ, ಹಾಸಿಗೆ ಹಿಡಿದ ಮೇಲೂ ಬೆರೆಂಡ್ ಯಾರಿಂದಲಾದರೂ ಕತ್ತರಿಸಿಡಿಸುತ್ತಿದ್ದ ಹಾಗಿತ್ತು. ಬಾಗಿಲಿಗೆ ಬೀಗವಿತ್ತು. ತಲೆಯ ಮೇಲೆ ಹೋಗುವ ರೆಕ್ಕೆ ಅಲುಗಾಡದೆ ನಿಂತಿತ್ತು, ಅದರ ಕೆಳಗೆ ಹಳೆಯ ಹಿಟ್ಟಿನ ವಾಸನೆ. ಫೆನ್ನಾ ಹಲಗೆಯ ಬಾಗಿಲಿಗೆ ಹಣೆಯಾನಿಸಿ ನಿಂತಳು. ಈಗ ಅಳು ಬಂತು.

"ಹೌದು ಬೆರೆಂಡ್," ಎಂದಳು, ಸ್ವಲ್ಪ ಜೋರಾಗಿಯೇ. "ಉಲ್ಟಾನೇ ತಿರುಗ್ತವೆ ಕಣೋ. ಯಾಕೆ ಅಂತ ನಂಗೂ ಗೊತ್ತಿಲ್ಲ."

ಒಳ್ಳೆಯ ಉತ್ತರ ಅದು. ಕೇಳಿದ್ದರೆ ಅವನು ಹುಬ್ಬಿನ ಹಿಟ್ಟು ಉದುರುವಂತೆ ನಗುತ್ತಿದ್ದ. ಅವಳು ಕಿವಿಯನ್ನು ಬಾಗಿಲಿಗೆ ಒತ್ತಿಕೊಂಡು ಸುಮಾರು ಹೊತ್ತು ನಿಂತಿದ್ದಳು. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು ಮನೆಗೆ ಹೋದಳು.